ಉದ್ಯಮ ತಂತ್ರಾಂಶ ಮತ್ತು ಪೂರೈಕೆ ಸರಪಳಿ ನಿರ್ವಹಣೆ

ದೊಡ್ಡ ಸಂಸ್ಥೆಯೊಂದರ ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಹಣಕಾಸು, ಸಿಬ್ಬಂದಿ ವಿಭಾಗಗಳ ವಹಿವಾಟನ್ನೆಲ್ಲ ಒಂದೇ ದತ್ತಸಂಚಯದಲ್ಲಿ ದಾಖಲಿಸಿ, ಒಂದು ವಿಭಾಗ ಬರೆದದ್ದು ಇನ್ನೊಂದಕ್ಕೆ ತಾನಾಗಿ ತಲುಪುವಂತೆ ಮಾಡುವ ಗಣಕ ವ್ಯವಸ್ಥೆಯೇ ಉದ್ಯಮ ತಂತ್ರಾಂಶ. ಕಚ್ಚಾ ಸಾಮಗ್ರಿ ಹುಟ್ಟುವ ಜಾಗದಿಂದ ಸಿದ್ಧ ವಸ್ತು ಬಳಕೆದಾರರ ಕೈ ಸೇರುವವರೆಗೆ ಸರಕು, ಹಣ, ಮಾಹಿತಿ ಈ ಮೂರರ ಹರಿವನ್ನು ಯೋಜಿಸಿ ನಡೆಸುವ ಕೆಲಸಕ್ಕೆ ಪೂರೈಕೆ ಸರಪಳಿ ನಿರ್ವಹಣೆ ಎಂದು ಹೆಸರು. ಸಂಸ್ಥೆಯ ಒಳಗಿನ ಲೆಕ್ಕವನ್ನು ಮೊದಲನೆಯದು ನೋಡಿಕೊಂಡರೆ, ಎರಡನೆಯದು ಗೇಟಿನ ಆಚೆಗೂ ಚಾಚುತ್ತದೆ. ಕಳೆದ ಮೂರು ದಶಕಗಳಲ್ಲಿ ಇವೆರಡೂ ಬೇರ್ಪಡಿಸಲಾರದಷ್ಟು ಬೆಸೆದುಕೊಂಡಿವೆ.

ಈ ಲೇಖನ ವಿಷಯದ ಸಾಮಾನ್ಯ ಸ್ವರೂಪವನ್ನು ವಿವರಿಸಿ, ಕರ್ನಾಟಕದಲ್ಲಿ ಅದು ಬೆಳೆದ ಬಗೆಯನ್ನೂ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಸರಕು ವಹಿವಾಟಿಗೆ ಅದರ ಸಂಬಂಧವನ್ನೂ ಕೊಡುತ್ತದೆ.

ಪರಿಭಾಷೆ

ಉದ್ಯಮ ಸಂಪನ್ಮೂಲ ಯೋಜನೆ ಎಂಬುದು ಉದ್ಯಮ ತಂತ್ರಾಂಶದ ಮುಖ್ಯ ಪ್ರಕಾರ. ಬಳಕೆಯಲ್ಲಿ ಇದನ್ನು ಇಆರ್‌ಪಿ ಎನ್ನುತ್ತಾರೆ. ಮೂಲ ದತ್ತಾಂಶ ಎಂದರೆ ಪದೇ ಪದೇ ಬದಲಾಗದ ವಿವರಗಳು: ಸರಕಿನ ಹೆಸರು ಮತ್ತು ಸಂಕೇತ, ಅಳತೆಯ ಮಾನ, ಸರಬರಾಜುದಾರನ ವಿಳಾಸ, ತೆರಿಗೆ ದರ. ವಹಿವಾಟು ದತ್ತಾಂಶ ದಿನದಿನವೂ ಹುಟ್ಟುವಂಥದ್ದು: ಖರೀದಿ ಆದೇಶ, ಸರಕು ಸ್ವೀಕೃತಿ, ಬಿಲ್ಲು, ಪಾವತಿ. ಆದೇಶ ಕೊಟ್ಟ ದಿನದಿಂದ ಸರಕು ಬರುವ ದಿನದವರೆಗಿನ ಕಾಲ ಪೂರೈಕೆ ಅವಧಿ. ಸರಕು ಎಲ್ಲಿಂದ ಬಂತು, ಯಾರ ಯಾರ ಕೈ ದಾಟಿತು ಎಂದು ಹಿಂದಕ್ಕೆ ಹುಡುಕಲು ಬರುವ ಗುಣವನ್ನು ಇಲ್ಲಿ ಜಾಡು ಎಂದು ಕರೆದಿದೆ.

ಹುಟ್ಟು ಮತ್ತು ಬೆಳವಣಿಗೆ

ದೂರದ ಸರಕನ್ನು ಕಣ್ಣಿನಿಂದ ನೋಡದೆ ಕಾಗದದ ಮೇಲೆ ನಂಬಿ ಕೊಳ್ಳುವ ಸಮಸ್ಯೆ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಅದಕ್ಕೆ ಕುಮಟಾ ಬಂದರೇ ಸಾಕ್ಷಿ. 19ನೇ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಬದಲು ಹಡಗು ಹತ್ತಿದ ಊರಿನ ಹೆಸರೇ ಸರಕಿಗೆ ಅಂಟಿ, ಮಾರುಕಟ್ಟೆಯಲ್ಲಿ ಅದು ‘ಕುಮಟಾ ಹತ್ತಿ’ಯಾಯಿತು. ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಬೇಡಿಕೆ ಏರಿದಾಗ ಹತ್ತಿಗೆ ಕಸ, ಬೀಜ, ಕೀಳು ತಳಿ ಬೆರೆಸುವುದು ಹೆಚ್ಚಿತು. ಇದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆಯುವ ಕಾಯಿದೆಯನ್ನೇ ತರಬೇಕಾಯಿತು. ಮೂಟೆಯ ಮೇಲಿನ ಗುರುತೂ ಮೂಟೆಯೊಳಗಿನ ಸರಕೂ ಒಂದೇ ಆಗಿರಬೇಕು ಎಂಬುದು ಆ ಕಾಯಿದೆಯ ಸಾರ. ಇಂದಿನ ತಂತ್ರಾಂಶಗಳ ಮೊದಲ ಷರತ್ತೂ ಅದೇ. 1880ರ ದಶಕದಲ್ಲಿ ಧಾರವಾಡ ಸೀಮೆಗೆ ರೈಲು ಬಂದು ಮಾರ್ಮಗೋವಾ ಬಂದರಿನ ದಾರಿ ತೆರೆದ ಮೇಲೆ ಕುಮಟೆಯ ಹತ್ತಿ ವ್ಯಾಪಾರ ಇಳಿಯಿತು.

ಗಣಕ ಆಧಾರಿತ ವ್ಯವಸ್ಥೆಯ ಬೇರು 1960ರ ದಶಕದ ಅಮೆರಿಕದ ಕಾರ್ಖಾನೆಗಳಲ್ಲಿದೆ. ತಯಾರಿಸಬೇಕಾದ ವಸ್ತುವಿನಿಂದ ಹಿಂದಕ್ಕೆ ಎಣಿಸುತ್ತ, ಯಾವ ಬಿಡಿಭಾಗ ಎಷ್ಟು, ಯಾವಾಗ ಬೇಕು ಎಂದು ಗಣಿಸುವ ಸಾಮಗ್ರಿ ಅಗತ್ಯ ಯೋಜನೆಯನ್ನು ಜೋಸೆಫ್ ಓರ್ಲಿಕಿ ರೂಪಿಸಿದ. ಈ ಕುರಿತ ಅವನ ಗ್ರಂಥ 1975ರಲ್ಲಿ ಹೊರಬಂತು. ಯಂತ್ರಗಳ ಸಾಮರ್ಥ್ಯ ಮತ್ತು ಹಣಕಾಸನ್ನೂ ಸೇರಿಸಿಕೊಂಡ ಈ ಯೋಜನೆಯ ಎರಡನೆಯ ರೂಪವನ್ನು ಆಲಿವರ್ ವೈಟ್ ಪ್ರಚಾರಕ್ಕೆ ತಂದ. 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಎಂಜಿನಿಯರರು ಜರ್ಮನಿಯಲ್ಲಿ ಸ್ಯಾಪ್ ಸಂಸ್ಥೆಯನ್ನು ಕಟ್ಟಿದರು. 1992ರಲ್ಲಿ ಬಂದ ಅದರ ಆರ್/3 ತಂತ್ರಾಂಶ ದೊಡ್ಡ ಗಣಕಯಂತ್ರಗಳ ಹಂಗಿಲ್ಲದೆ, ಸರ್ವರ್ ಮತ್ತು ಮೇಜಿನ ಗಣಕಗಳ ಜಾಲದಲ್ಲಿ ಓಡುವಂತಿದ್ದುದರಿಂದ ಜಗತ್ತಿನಾದ್ಯಂತ ಹರಡಿತು. ಇಆರ್‌ಪಿ ಎಂಬ ಹೆಸರನ್ನು 1990ರಲ್ಲಿ ಗಾರ್ಟ್‌ನರ್ ಸಂಶೋಧನಾ ಸಂಸ್ಥೆ ಬಳಕೆಗೆ ತಂದಿತು. ಪೂರೈಕೆ ಸರಪಳಿ ನಿರ್ವಹಣೆ ಎಂಬ ಪದಪುಂಜ 1982ರಲ್ಲಿ ಸಲಹೆಗಾರ ಕೀತ್ ಆಲಿವರ್‌ನ ಸಂದರ್ಶನವೊಂದರಿಂದ ಚಲಾವಣೆ ಪಡೆಯಿತು.

1990ರ ದಶಕದ ಕೊನೆಯಲ್ಲಿ, 2000ನೇ ಇಸವಿಯನ್ನು ಹಳೆಯ ತಂತ್ರಾಂಶಗಳು ಎರಡೇ ಅಂಕಿಗಳಲ್ಲಿ ಓದಿ ತಪ್ಪಬಹುದೆಂಬ ಆತಂಕ ಇಆರ್‌ಪಿ ಕೊಳ್ಳುವ ಅವಸರಕ್ಕೆ ಕಾರಣವಾಯಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಕ್ಕೆ ಆ ಕಾಲದಲ್ಲಿ ಬಂದ ಕೆಲಸದಲ್ಲಿ ಈ ಇಸವಿಯ ದೋಷ ತಿದ್ದುವುದರದೂ ದೊಡ್ಡ ಪಾಲು.

ರಚನೆ

ಉದ್ಯಮ ತಂತ್ರಾಂಶ ಹಲವು ಘಟಕಗಳ ಕೂಟ. ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಹಣಕಾಸು, ಸಿಬ್ಬಂದಿ ಎಂಬ ಆರು ಸಾಮಾನ್ಯ ಘಟಕಗಳು. ಗುಣಪರೀಕ್ಷೆ, ಯಂತ್ರ ನಿರ್ವಹಣೆ ಮುಂತಾದವು ಉದ್ಯಮಕ್ಕೆ ತಕ್ಕಂತೆ ಸೇರುತ್ತವೆ. ಎಲ್ಲವೂ ಒಂದೇ ದತ್ತಸಂಚಯವನ್ನು ಓದುತ್ತವೆ, ಅದಕ್ಕೇ ಬರೆಯುತ್ತವೆ. ಗೋಡೌನಿನಲ್ಲಿ ಸರಕು ಇಳಿಸಿಕೊಂಡ ನೌಕರ ಸ್ವೀಕೃತಿ ದಾಖಲಿಸಿದ ಗಳಿಗೆಯಲ್ಲೇ ಸ್ಟಾಕು ಏರುತ್ತದೆ, ಹಣಕಾಸಿನ ಲೆಕ್ಕದಲ್ಲಿ ಸರಬರಾಜುದಾರನಿಗೆ ಕೊಡಬೇಕಾದ ಬಾಕಿ ಹುಟ್ಟುತ್ತದೆ. ಮೊದಲು ಬೇರೆ ಬೇರೆ ಪುಸ್ತಕಗಳಲ್ಲಿ ಬರೆದು ತಿಂಗಳ ಕೊನೆಯಲ್ಲಿ ತಾಳೆ ನೋಡುತ್ತಿದ್ದ ಕೆಲಸ ಇದು.

ತಂತ್ರಾಂಶದ ಒಳಗಿನ ನಿಯಂತ್ರಣಗಳಲ್ಲಿ ಮುಖ್ಯವಾದದ್ದು ಮೂರು ದಾಖಲೆಗಳ ತಾಳೆ. ಖರೀದಿ ಆದೇಶದಲ್ಲಿ ಕೇಳಿದ್ದು, ಸ್ವೀಕೃತಿಯಲ್ಲಿ ಬಂದದ್ದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಹೊಂದಿದರೆ ಮಾತ್ರ ಪಾವತಿಗೆ ದಾರಿ. ಸಣ್ಣ ವ್ಯತ್ಯಾಸಕ್ಕೆ ಮಿತಿ ಹಾಕಿರುತ್ತಾರೆ. ಮಿತಿ ದಾಟಿದರೆ ಬಿಲ್ಲು ತಡೆಯಲ್ಲಿ ನಿಲ್ಲುತ್ತದೆ.

ಸಾಮಗ್ರಿ ಅಗತ್ಯದ ಲೆಕ್ಕ ಸರಳ ಗಣಿತ. 1,000 ಫ್ಯಾನು ತಯಾರಾಗಬೇಕು, ಒಂದಕ್ಕೆ 3 ರೆಕ್ಕೆ ಎಂದಿಟ್ಟುಕೊಂಡರೆ ಬೇಕಾದ ರೆಕ್ಕೆ 3,000. ಗೋಡೌನಿನಲ್ಲಿ 400 ಇವೆ, ಆಗಲೇ ಆದೇಶ ಕೊಟ್ಟದ್ದು 600. ಉಳಿದ 2,000 ಹೊಸದಾಗಿ ತರಿಸಬೇಕು. ಪೂರೈಕೆ ಅವಧಿ 10 ದಿನ, ಜೋಡಣೆ ತಿಂಗಳ 25ರಂದು ಎಂದಾದರೆ 15ನೇ ತಾರೀಖಿಗೆ ಆದೇಶ ಹೊರಡಬೇಕು. ಸಾವಿರಾರು ಬಿಡಿಭಾಗಗಳಿಗೆ, ಹತ್ತಾರು ಕಾರ್ಖಾನೆಗಳಿಗೆ ಪ್ರತಿ ರಾತ್ರಿ ಇದನ್ನೇ ಮಾಡಿ ಮುಗಿಸುವುದಷ್ಟೇ ಗಣಕದ ಹೆಚ್ಚುಗಾರಿಕೆ. ಆ 400 ಎಂಬ ಅಂಕಿ ಸುಳ್ಳಾಗಿದ್ದರೆ ಮುಂದಿನ ಲೆಕ್ಕವೆಲ್ಲ ಅಷ್ಟೇ ವೇಗದಲ್ಲಿ ಸುಳ್ಳಾಗುತ್ತದೆ.

ಆದ್ದರಿಂದ ಇಡೀ ರಚನೆಯ ಭಾರ ಮೂಲ ದತ್ತಾಂಶದ ಮೇಲೂ ಮೊದಲ ದಾಖಲೆಯ ಮೇಲೂ ಬೀಳುತ್ತದೆ. ತಂತ್ರಾಂಶಕ್ಕೆ ಸರಕು ಕಾಣುವುದಿಲ್ಲ, ದಾಖಲೆ ಮಾತ್ರ ಕಾಣುತ್ತದೆ. ಒಂದೇ ಬೋಲ್ಟಿಗೆ ಎರಡು ಸಂಕೇತ ಕೊಟ್ಟರೆ ಒಂದರಲ್ಲಿ ಕೊರತೆ, ಇನ್ನೊಂದರಲ್ಲಿ ಹೆಚ್ಚುವರಿ ತೋರುತ್ತದೆ. ಕಿಲೋದಲ್ಲಿ ಕೊಂಡು ಡಜನ್ನಿನಲ್ಲಿ ಬಳಸುವ ವಸ್ತುವಿಗೆ ಪರಿವರ್ತನೆಯ ಅಂಕಿ ತಪ್ಪಿದರೆ ಸ್ಟಾಕೇ ಅರ್ಥ ಕಳೆದುಕೊಳ್ಳುತ್ತದೆ.

ಬಗೆಗಳು

ಇಆರ್‌ಪಿಯಲ್ಲದೆ ಪೂರೈಕೆ ಸರಪಳಿಯ ಬೇರೆ ಬೇರೆ ಕೊಂಡಿಗಳಿಗೆ ಪ್ರತ್ಯೇಕ ತಂತ್ರಾಂಶಗಳಿವೆ. ಬೇಡಿಕೆಯ ಅಂದಾಜು ಮತ್ತು ಉತ್ಪಾದನೆಯ ವೇಳಾಪಟ್ಟಿಗೆ ಯೋಜನಾ ತಂತ್ರಾಂಶ, ಯಾವ ಕಪಾಟಿನಿಂದ ಯಾವ ಪೆಟ್ಟಿಗೆ ತೆಗೆಯಬೇಕೆಂದು ಹೇಳಲು ಗೋಡೌನು ತಂತ್ರಾಂಶ, ಲಾರಿ ಮತ್ತು ದಾರಿಯ ಆಯ್ಕೆಗೆ ಸಾಗಣೆ ತಂತ್ರಾಂಶ, ಟೆಂಡರು ಹಾಗೂ ಸರಬರಾಜುದಾರರ ನೋಂದಣಿಗೆ ಖರೀದಿ ಪೋರ್ಟಲು, ಕಂಪನಿಯ ಡೀಲರು ಮತ್ತು ಸಗಟು ವ್ಯಾಪಾರಿಗಳ ಸ್ಟಾಕು ತಿಳಿಯಲು ವಿತರಣಾ ತಂತ್ರಾಂಶ.

ಯೋಜನಾ ತಂತ್ರಾಂಶದ ಇತಿಹಾಸದಲ್ಲಿ ಐ2 ಟೆಕ್ನಾಲಜೀಸ್ ಹೆಸರು ಮುಖ್ಯ. ಸಂಜೀವ್ ಸಿಧು ಮತ್ತು ಕೆನ್ ಶರ್ಮಾ 1988ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಟ್ಟಿದ ಈ ಸಂಸ್ಥೆಯ ದೊಡ್ಡ ಅಭಿವೃದ್ಧಿ ಕೇಂದ್ರ ಬೆಂಗಳೂರಿನಲ್ಲಿತ್ತು. 2010ರಲ್ಲಿ ಅದು ಜೆಡಿಎ ಪಾಲಾಯಿತು. ಜೆಡಿಎ ಮುಂದೆ ಬ್ಲೂ ಯಾಂಡರ್ ಎಂದು ಹೆಸರು ಬದಲಿಸಿಕೊಂಡಿತು.

ಸ್ಥಾಪನೆಯ ದೃಷ್ಟಿಯಿಂದ ಸ್ವಂತ ಸರ್ವರಿನಲ್ಲಿ ನಡೆಸುವವು, ಬಾಡಿಗೆಗೆ ಕ್ಲೌಡ್‌ನಲ್ಲಿ ಬಳಸುವವು ಎಂದು ಎರಡು ವರ್ಗ. ಸಿದ್ಧ ತಂತ್ರಾಂಶ ಕೊಳ್ಳದೆ ತಾವೇ ಬರೆದುಕೊಳ್ಳುವ ಸಂಸ್ಥೆಗಳೂ ಇವೆ: 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ತನ್ನ ಗೋಡೌನು ಮತ್ತು ವಿತರಣೆಯ ವ್ಯವಸ್ಥೆಯನ್ನು ಬಹುಪಾಲು ಒಳಗೇ ಬೆಳೆಸಿತು.

ದೊಡ್ಡ ಸಂಸ್ಥೆಗಳಲ್ಲಿ ಅಳವಡಿಕೆ

ಅಳವಡಿಕೆಯ ಮೊದಲ ಹಂತ ಸಂಸ್ಥೆಯ ಕೆಲಸ ಈಗ ಹೇಗೆ ನಡೆಯುತ್ತಿದೆ ಎಂದು ಬರೆದುಕೊಳ್ಳುವುದು. ಕೈಪಿಡಿಯಲ್ಲಿರುವ ಕ್ರಮವೂ ನಿಜವಾಗಿ ನಡೆಯುವ ಕ್ರಮವೂ ಬೇರೆಯಾಗಿರುವುದು ಸಾಮಾನ್ಯ. ತುರ್ತಿಗೆ ಪಕ್ಕದ ವಿಭಾಗದಿಂದ ಸಾಮಾನು ತಂದು ಆಮೇಲೆ ಚೀಟಿ ಬರೆಯುವುದು, ಒಬ್ಬ ಹಿರಿಯ ಸ್ಟೋರ್‌ಕೀಪರನ ನೆನಪಿನಲ್ಲಿ ಮಾತ್ರ ಇರುವ ಜಾಗದ ಗುರುತು, ಮಾರಾಟಗಾರ ಬಾಯಿಮಾತಿನಲ್ಲಿ ಕೊಟ್ಟ ರಿಯಾಯಿತಿ ಇವು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ತಂತ್ರಾಂಶದ ಸಿದ್ಧ ಕ್ರಮಕ್ಕೂ ಇಂಥ ರೂಢಿಗೂ ಇರುವ ಅಂತರವನ್ನು ಗುರುತಿಸಿ, ಒಂದೋ ರೂಢಿ ಬದಲಿಸಬೇಕು, ಇಲ್ಲವೇ ತಂತ್ರಾಂಶ ಬದಲಿಸಬೇಕು. ತಂತ್ರಾಂಶದ ಒಳಗೆ ಕೈಹಾಕಿ ತಿದ್ದಿಸಿಕೊಂಡಷ್ಟೂ ಮುಂದಿನ ಆವೃತ್ತಿಗೆ ಹೋಗುವ ಖರ್ಚು ಏರುತ್ತದೆ. ಆದ್ದರಿಂದ ಕಾನೂನು ಅಥವಾ ಉದ್ಯಮದ ವಿಶೇಷ ಅಗತ್ಯ ಬಿಟ್ಟರೆ ತಿದ್ದುಪಡಿ ಬೇಡವೆಂಬುದು ಈ ಕ್ಷೇತ್ರದ ಅನುಭವಿಗಳ ಒಮ್ಮತ.

ಎರಡನೆಯದು ಹಳೆಯ ದತ್ತಾಂಶದ ಶುದ್ಧೀಕರಣ ಮತ್ತು ವರ್ಗಾವಣೆ. ವೇಳಾಪಟ್ಟಿಯಲ್ಲಿ ಇದಕ್ಕೆ ಸಿಗುವ ದಿನಗಳು ಯಾವಾಗಲೂ ಕಡಿಮೆ, ಬೇಕಾಗುವ ದಿನಗಳು ಹೆಚ್ಚು. ಆಮೇಲೆ ಪರೀಕ್ಷೆ, ತರಬೇತಿ, ಕೊನೆಗೆ ಬದಲಾವಣೆಯ ದಿನ. ಎಲ್ಲ ಘಟಕ, ಎಲ್ಲ ಶಾಖೆಗಳನ್ನು ಒಂದೇ ದಿನ ಹೊಸದಕ್ಕೆ ಏರಿಸುವುದು ಒಂದು ಪದ್ಧತಿ. ಒಂದು ಕಾರ್ಖಾನೆಯಲ್ಲಿ ನಡೆಸಿ ನೋಡಿ ಉಳಿದವಕ್ಕೆ ವಿಸ್ತರಿಸುವುದು ಇನ್ನೊಂದು. ಬದಲಾದ ಮೊದಲ ತಿಂಗಳುಗಳಲ್ಲಿ ಕೆಲಸದ ವೇಗ ಇಳಿಯುವುದು ಎಲ್ಲೆಡೆ ಕಂಡುಬರುವ ಸಂಗತಿ.

ಸಿಬ್ಬಂದಿಯ ಒಪ್ಪಿಗೆ ಬೇರೆಯೇ ಅಧ್ಯಾಯ. ಮಾಹಿತಿ ಎಲ್ಲರಿಗೂ ಕಾಣುವಂತಾದಾಗ ಅದನ್ನು ತಮ್ಮ ಬಳಿ ಇಟ್ಟುಕೊಂಡಿದ್ದವರ ಮಹತ್ವ ಕುಗ್ಗುತ್ತದೆ. ದಾಖಲೆ ತುಂಬುವ ಹೊಣೆ ಕೆಳಗಿನ ನೌಕರನ ಮೇಲೆ ಬೀಳುತ್ತದೆ, ಅದರ ಲಾಭ ಮೇಲಿನ ಅಧಿಕಾರಿಗೆ ಸಿಗುತ್ತದೆ. ತನಗೆ ಪ್ರಯೋಜನ ಕಾಣದ ನೌಕರ ದಿನದ ಕೊನೆಯಲ್ಲಿ ಒಟ್ಟಿಗೆ ಅಂಕಿ ತುಂಬುತ್ತಾನೆ, ಪಕ್ಕದಲ್ಲಿ ತನ್ನದೇ ನೋಟುಪುಸ್ತಕ ಇಟ್ಟುಕೊಳ್ಳುತ್ತಾನೆ. ಎರಡು ಲೆಕ್ಕ ನಡೆಯುವ ಸಂಸ್ಥೆಯಲ್ಲಿ ತಂತ್ರಾಂಶ ಅಳವಡಿಕೆಯಾಗಿದೆ ಎನ್ನಲಾಗದು.

ವೈಫಲ್ಯಗಳ ದಾಖಲೆಯೂ ದೊಡ್ಡದು. ಅಮೆರಿಕದ ಚಾಕೊಲೇಟ್ ಸಂಸ್ಥೆ ಹರ್ಷೀಸ್ 1999ರ ಜುಲೈನಲ್ಲಿ ಮೂರು ತಂತ್ರಾಂಶಗಳನ್ನು ಒಟ್ಟಿಗೆ ಚಾಲೂ ಮಾಡಿ, ಹಬ್ಬದ ಋತುವಿನಲ್ಲಿ ಸರಕು ಗೋಡೌನಿನಲ್ಲಿದ್ದೂ 10 ಕೋಟಿ ಡಾಲರಿಗೂ ಮೀರಿದ ಆದೇಶಗಳನ್ನು ಪೂರೈಸಲಾಗದೆ ಹೋಯಿತು. ಪಾದರಕ್ಷೆ ತಯಾರಕ ನೈಕಿ 2001ರಲ್ಲಿ, ಐ2 ತಂತ್ರಾಂಶದ ಬೇಡಿಕೆ ಅಂದಾಜು ತಪ್ಪಿದ್ದರಿಂದ ಸುಮಾರು 10 ಕೋಟಿ ಡಾಲರಿನ ಮಾರಾಟ ತಪ್ಪಿತೆಂದು ಪ್ರಕಟಿಸಿತು. ಜರ್ಮನಿಯ ಕಿರಾಣಿ ಸಂಸ್ಥೆ ಲಿಡ್ಲ್ ಸುಮಾರು 50 ಕೋಟಿ ಯೂರೋ ಖರ್ಚಾದ ಮೇಲೆ 2018ರಲ್ಲಿ ಸಿದ್ಧ ತಂತ್ರಾಂಶ ಅಳವಡಿಸುವ ಯೋಜನೆಯನ್ನೇ ಕೈಬಿಟ್ಟಿತು. ಲಿಡ್ಲ್ ತನ್ನ ಸ್ಟಾಕನ್ನು ಕೊಂಡ ಬೆಲೆಯಲ್ಲಿ ಎಣಿಸುತ್ತಿತ್ತು, ಸಿದ್ಧ ತಂತ್ರಾಂಶ ಮಾರುವ ಬೆಲೆಯಲ್ಲಿ ಎಣಿಸುತ್ತಿತ್ತು. ರೂಢಿ ಬಿಡಲೊಪ್ಪದೆ ತಂತ್ರಾಂಶವನ್ನು ತಿದ್ದಿಸುತ್ತ ಹೋದದ್ದು ಮುಖ್ಯ ಕಾರಣಗಳಲ್ಲಿ ಒಂದು.

ಸರಪಳಿಯಲ್ಲಿ ಬೇಡಿಕೆಯ ಏರಿಳಿತ

ಗ್ರಾಹಕರ ಬೇಡಿಕೆಯಲ್ಲಾಗುವ ಸಣ್ಣ ಬದಲಾವಣೆ ಅಂಗಡಿ, ಸಗಟು ವ್ಯಾಪಾರಿ, ಕಂಪನಿ, ಕಚ್ಚಾ ಸಾಮಗ್ರಿಯವ ಎಂದು ಹಿಂದೆ ಹಿಂದೆ ಹೋದಂತೆ ಹಿಗ್ಗುತ್ತದೆ. ಪ್ರತಿಯೊಬ್ಬರೂ ತಮ್ಮ ಮುಂದಿನವನ ಆದೇಶವನ್ನಷ್ಟೇ ನೋಡಿ, ಅದಕ್ಕೆ ತಮ್ಮದೊಂದಿಷ್ಟು ಜಾಗ್ರತೆಯ ಸ್ಟಾಕು ಸೇರಿಸುವುದು ಇದಕ್ಕೆ ಕಾರಣ. ಜೇ ಫಾರೆಸ್ಟರ್ 1958ರಲ್ಲಿ ಇದನ್ನು ವಿವರಿಸಿದ. ಹಾವ್ ಲೀ ಮತ್ತು ಸಂಗಡಿಗರು 1997ರಲ್ಲಿ ಇದರ ಕಾರಣಗಳನ್ನು ವಿಂಗಡಿಸಿ ತೋರಿಸಿದರು. ಕೊನೆಯ ಅಂಗಡಿಯ ನಿಜ ಮಾರಾಟ ಎಲ್ಲರಿಗೂ ಕಾಣುವಂತೆ ಮಾಡುವುದು ಮುಖ್ಯ ಪರಿಹಾರ. ಜಪಾನಿನ ಟೊಯೊಟಾದಲ್ಲಿ ತಾಯಿಚಿ ಓನೋ ರೂಪಿಸಿದ ಪದ್ಧತಿ ಇನ್ನೊಂದು ದಾರಿ ಹಿಡಿಯಿತು: ಮುಂದಿನ ಹಂತ ಬಳಸಿದಷ್ಟನ್ನೇ ಹಿಂದಿನ ಹಂತ ತಯಾರಿಸಬೇಕು, ಕಾನ್‌ಬಾನ್ ಎಂಬ ಚೀಟಿ ಬಂದರೆ ಮಾತ್ರ ಸರಕು ಚಲಿಸಬೇಕು.

ಕರ್ನಾಟಕದಲ್ಲಿ

ಈ ತಂತ್ರಾಂಶಗಳನ್ನು ಬಳಸುವ ರಾಜ್ಯವೂ ತಯಾರಿಸುವ ರಾಜ್ಯವೂ ಕರ್ನಾಟಕವೇ. ಸ್ಯಾಪ್ ಸಂಸ್ಥೆ 1998ರಲ್ಲಿ ಬೆಂಗಳೂರಿನಲ್ಲಿ ತೆರೆದ ಪ್ರಯೋಗಾಲಯ ಇಂದು ಜರ್ಮನಿಯ ಹೊರಗೆ ಅದರ ಅತಿ ದೊಡ್ಡ ಸಂಶೋಧನಾ ಕೇಂದ್ರ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಪ್ಯೂಟ್ರಾನಿಕ್ಸ್ ಮುಂದೆ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಬೆಂಗಳೂರಿನ ಈ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶ ದೊಡ್ಡ ಕಂಪನಿಗಳ ಇಆರ್‌ಪಿಗೂ ಊರಿನ ಸಗಟು ಅಂಗಡಿಗೂ ನಡುವಿನ ಜಾಗವನ್ನು ದೇಶದಾದ್ಯಂತ ತುಂಬಿತು.

ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಗಿ, 1999ರ ಕೊನೆಯಲ್ಲಿ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿದಾಗ, ಬೇಕಾದಾಗ ಬೇಕಾದಷ್ಟೇ ತರಿಸುವ ಪದ್ಧತಿ ರಾಜ್ಯಕ್ಕೆ ಬಂತು. ಈ ಪದ್ಧತಿಗೆ ಸರಬರಾಜುದಾರರು ಹತ್ತಿರದಲ್ಲೇ ಇರಬೇಕಾದ್ದರಿಂದ ಬಿಡದಿ ಸುತ್ತ ಬಿಡಿಭಾಗ ತಯಾರಕರ ಘಟಕಗಳು ಬೆಳೆದವು.

ಹಾಲಿನ ಸರಪಳಿ ಇದಕ್ಕಿಂತ ಕಷ್ಟದ್ದು. ಸರಕು ಗಂಟೆಗಳಲ್ಲಿ ಕೆಡುತ್ತದೆ, ಉತ್ಪಾದಕರು ಲಕ್ಷಾಂತರ. ವಿಶ್ವ ಬ್ಯಾಂಕಿನ ನೆರವಿನಿಂದ 1974ರಲ್ಲಿ ಹುಟ್ಟಿದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಹಳ್ಳಿಯ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಮೂರು ಹಂತಗಳಲ್ಲಿ ದಿನಕ್ಕೆರಡು ಹೊತ್ತು ಹಾಲು ಸಾಗುತ್ತದೆ. ಸ್ವಯಂಚಾಲಿತ ಹಾಲು ಸಂಗ್ರಹ ಘಟಕ ಬಂದ ಸಂಘಗಳಲ್ಲಿ ತೂಕ ಮತ್ತು ಜಿಡ್ಡಿನಂಶ ಯಂತ್ರದಿಂದ ನೇರ ದಾಖಲಾಗಿ, ರೈತನ ಕೈಗೆ ಆಗಲೇ ಚೀಟಿ ಬರುತ್ತದೆ. ಸರಕು ಮತ್ತು ದಾಖಲೆ ಒಂದೇ ಗಳಿಗೆಯಲ್ಲಿ, ಒಂದೇ ಜಾಗದಲ್ಲಿ, ಉತ್ಪಾದಕನ ಎದುರಿನಲ್ಲೇ ಹುಟ್ಟುವ ವ್ಯವಸ್ಥೆ ಇದು. ರಾಜ್ಯದ ಕೃಷಿ ಸರಪಳಿಗಳಲ್ಲಿ ಇಷ್ಟು ಗಟ್ಟಿಯಾದ ಮೊದಲ ಕೊಂಡಿ ಇನ್ನೊಂದಿಲ್ಲ.

ಕೃಷಿ ಮಾರುಕಟ್ಟೆಗಳಿಗಾಗಿ ರಾಜ್ಯ ಸರ್ಕಾರ ಮತ್ತು ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಸಮೂಹದ ಸಂಸ್ಥೆ ಸಮಪಾಲಿನಲ್ಲಿ ಸೇರಿ 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಕಂಪನಿಯನ್ನು ಸ್ಥಾಪಿಸಿದವು. ಇದರ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಎಪಿಎಂಸಿ ಗೇಟಿನಲ್ಲೇ ಸರಕಿಗೆ ಲಾಟ್ ಸಂಖ್ಯೆ ಬೀಳುತ್ತದೆ. ವ್ಯಾಪಾರಿಗಳು ಗಣಕದಲ್ಲಿ ಗುಟ್ಟಾಗಿ ದರ ಬರೆಯುತ್ತಾರೆ. ಹೆಚ್ಚು ದರದವನ ಹೆಸರಿಗೆ ಲಾಟು ನಿಂತು, ತೂಕವಾಗಿ, ಬಿಲ್ಲು ಹುಟ್ಟುತ್ತದೆ. ಕೇಂದ್ರ ಸರ್ಕಾರ 2016ರ ಏಪ್ರಿಲ್ 14ರಂದು ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆ ವೇದಿಕೆ ಆರಂಭಿಸುವ ಎರಡು ವರ್ಷ ಮುಂಚೆಯೇ ಕರ್ನಾಟಕ ಈ ದಾರಿ ಹಿಡಿದಿತ್ತು.

ಸಣ್ಣ ವ್ಯಾಪಾರಿಯನ್ನೂ ಈ ಜಾಲಕ್ಕೆ ಎಳೆದದ್ದು ತೆರಿಗೆ. 2017ರ ಜುಲೈ 1ರಂದು ಜಾರಿಯಾದ ಸರಕು ಮತ್ತು ಸೇವಾ ತೆರಿಗೆಯ ಗಣಕಜಾಲವನ್ನು ಕಟ್ಟುವ ಗುತ್ತಿಗೆ 2015ರಲ್ಲಿ ಇನ್ಫೋಸಿಸ್‌ಗೆ ಸಿಕ್ಕಿತ್ತು. 50,000 ರೂಪಾಯಿಗಿಂತ ಹೆಚ್ಚಿನ ಸರಕು ಸಾಗಿಸಲು ಇ-ವೇ ಬಿಲ್ಲು ಬೇಕೆಂಬ ನಿಯಮ 2018ರ ಏಪ್ರಿಲ್ 1ರಂದು ಬಂತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಅದನ್ನು ಜಾರಿಗೆ ತಂದ ಏಕೈಕ ರಾಜ್ಯ ಕರ್ನಾಟಕ. ಇ-ಸುಗಮ ಎಂಬ ಇಂಥದೇ ವ್ಯವಸ್ಥೆಯನ್ನು ವಾಣಿಜ್ಯ ತೆರಿಗೆ ಇಲಾಖೆ ಮೊದಲೇ ನಡೆಸುತ್ತಿದ್ದುದು ಇದಕ್ಕೆ ಅನುಕೂಲವಾಯಿತು. ಬಿಲ್ಲುಗಳನ್ನು ಸರ್ಕಾರದ ಗಣಕಜಾಲದಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಸಂಸ್ಥೆಗಳಿಂದ ಆರಂಭವಾಗಿ, ಮಿತಿ ಹಂತಹಂತವಾಗಿ ಇಳಿಯುತ್ತ, 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂದು ನಿಂತಿದೆ.

ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯಲ್ಲಿ

ಈ ಮೂರು ತಾಲ್ಲೂಕುಗಳಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ. ಪೂರೈಕೆ ಸರಪಳಿಯ ಎರಡು ತುದಿಗಳು ಮಾತ್ರ ಇಲ್ಲಿವೆ: ಅಡಿಕೆ, ಮೀನು, ಹೂವು ಹೊರಗೆ ಹೋಗುವ ತುದಿ ಮತ್ತು ಕಂಪನಿಯ ಸಾಮಾನು ಒಳಗೆ ಬರುವ ತುದಿ. ಭಟ್ಕಳ ಪಟ್ಟಣಕ್ಕೆ ತಾಗಿಕೊಂಡಿರುವ ಜಾಲಿಯ ಕಿರಾಣಿ ಅಂಗಡಿಗೆ ಬರುವ ಸೋಪು, ಬಿಸ್ಕತ್ತಿನ ಹಿಂದೆ ಬಿಲ್ಲು, ಸಂಕೇತ, ಬಾರ್‌ಕೋಡು ಎಲ್ಲ ಇರುತ್ತವೆ. ಅದೇ ಜಾಲಿಯ ಕಡಲತೀರದಲ್ಲಿ ಇಳಿಯುವ ಮೀನಿಗೆ ಅಂಥ ಯಾವ ದಾಖಲೆಯೂ ಇರುವುದಿಲ್ಲ. ಒಳಬರುವ ಸರಕಿನ ಜಾಡು ಪೂರ್ಣ, ಹೊರಹೋಗುವುದರಲ್ಲಿ ಅಡಿಕೆ ಬಿಟ್ಟರೆ ಉಳಿದದ್ದರ ಜಾಡು ಅಪೂರ್ಣ ಎಂಬುದು ಈ ಕರಾವಳಿಯ ಲಕ್ಷಣ.

ಅಡಿಕೆ. ಕುಮಟಾ ಮಾರುಕಟ್ಟೆಯಲ್ಲಿ ಅಡಿಕೆಯ ದರ ಹಳೆ ಚಾಲಿ, ಹೊಸ ಚಾಲಿ, ಕೋಕ, ಚಿಪ್ಪು, ಫ್ಯಾಕ್ಟರಿ ಎಂಬ ಹೆಸರುಗಳಲ್ಲಿ ಪ್ರಕಟವಾಗುತ್ತದೆ. ಘಟ್ಟದ ಮೇಲೆ ಶಿರಸಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು; ಶಿವಮೊಗ್ಗದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು. ಸರಕು ಒಂದೇ, ವರ್ಗೀಕರಣ ಊರಿಗೊಂದು. ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ. ಹಸಿಯಾಗಿ ಸುಲಿದು ಬೇಯಿಸಿ ಬಣ್ಣ ಕಟ್ಟಿದರೆ ಕೆಂಪಡಿಕೆ. ಹಳೆಯದು, ಹೊಸದು ಎಂಬ ಭೇದವೇ ಬೆಲೆಯನ್ನು ಬದಲಿಸುತ್ತದೆ, ಮತ್ತು ಹೊಸ ಚಾಲಿ ಗೋಡೌನಿನಲ್ಲಿ ಇದ್ದಲ್ಲಿಯೇ ಹಳೆಯದಾಗುತ್ತದೆ. ಇಂಥ ಸರಕಿಗೆ ಒಂದೇ ಸ್ಥಿರ ಸಂಕೇತ ಕೊಡುವ ತಂತ್ರಾಂಶ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ; ವರ್ಗ, ಬೆಳೆ ವರ್ಷ, ಲಾಟು ಮೂರನ್ನೂ ಬೇರೆ ಬೇರೆ ಇಡಬೇಕಾಗುತ್ತದೆ. ದಾಸ್ತಾನಿನಲ್ಲಿ ತೇವ ಆರಿ ತೂಕ ಇಳಿಯುವುದರಿಂದ ಒಣಗುವಿಕೆಗೂ ಲೆಕ್ಕ ಬೇಕು. 1923ರಲ್ಲಿ ಸ್ಥಾಪನೆಯಾದ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಮುಂತಾದ ಸಹಕಾರಿ ಸಂಸ್ಥೆಗಳು ಈ ವರ್ಗೀಕರಣಕ್ಕೆ ಶಿಸ್ತು ತಂದವು. ಗಣಕ ಬರುವ ಮೊದಲೇ ಲಾಟು, ತೂಕ, ಪಾವತಿಯ ದಾಖಲೆ ಅಡಿಕೆಗೆ ಇತ್ತು. ಒಣ ಅಡಿಕೆಗೆ ಶೇ. 5 ತೆರಿಗೆ ಇರುವುದರಿಂದ ಲಾರಿ ಹೊರಡುವಾಗ ಇ-ವೇ ಬಿಲ್ಲೂ ಜೊತೆಗಿರುತ್ತದೆ.

ಮೀನು. ಕುಮಟಾ ತಾಲ್ಲೂಕಿನ ತದಡಿ, ಹೊನ್ನಾವರ, ಭಟ್ಕಳ ಬಂದರುಗಳಲ್ಲಿ ಬಂಗುಡೆ, ತಾರ್ಲೆ, ಶೀಗಡಿ ಇಳಿಯುತ್ತವೆ. ಬೋಟು ದಡ ಸೇರಿದ ಕೂಡಲೇ ಹರಾಜು, ಐಸು, ಲೋಡು. ದರ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ತಾಜಾ ಮೀನಿಗೆ ತೆರಿಗೆ ಇಲ್ಲ, ಆದ್ದರಿಂದ ಇ-ವೇ ಬಿಲ್ಲಿನ ಅಗತ್ಯವೂ ಇಲ್ಲ. ತೆರಿಗೆಯ ಒತ್ತಾಯವಿಲ್ಲದ ಕಡೆ ದಾಖಲೆಯೂ ತಾನಾಗಿ ಹುಟ್ಟಿಲ್ಲ. ರಫ್ತಿನ ಮೀನಿಗೆ ಮಾತ್ರ ಬೇರೆ ನಿಯಮ. ಅಕ್ರಮ ಮೀನುಗಾರಿಕೆ ತಡೆಯಲು ಯುರೋಪಿಯನ್ ಒಕ್ಕೂಟ 2010ರ ಜನವರಿ 1ರಿಂದ ಹಿಡಿದ ಮೀನಿನ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ಅದನ್ನು ಕೊಡುವುದು ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ. ಯಾವ ಬೋಟು, ಯಾವ ಬಂದರು, ಎಷ್ಟು ತೂಕ ಎಂಬುದನ್ನು ಹಿಂದಕ್ಕೆ ತೋರಿಸಬೇಕಾಗುವುದರಿಂದ ಬಂದರಿನ ಮೊದಲ ತೂಕವೇ ದೂರದ ಖರೀದಿದಾರನ ತಂತ್ರಾಂಶದ ಮೊದಲ ಅಂಕಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ವರ್ಷದ ಸರಾಸರಿ ಹಿಡಿದು ಹಾಕುವ ಯೋಜನೆ ಇಲ್ಲಿ ನಡೆಯದು.

ಹೂವು. ಭಟ್ಕಳ ಮಲ್ಲಿಗೆ ಮನೆಯಂಗಳದ ಬೆಳೆ. ಹೆಂಗಸರು ಬೆಳಗ್ಗೆ ಕೊಯ್ದು ಕಟ್ಟಿದ ಹೂವು ಅದೇ ದಿನ ಮಾರಾಟವಾಗಬೇಕು. ದಾಖಲೆಗಿಂತ ಪರಿಚಯ ಮತ್ತು ವೇಗದ ಮೇಲೆ ನಿಂತ ಸರಪಳಿ ಇದು.

ಸಾಗಣೆ. ಒಂದೆಡೆ ಕಡಲು, ಇನ್ನೊಂದೆಡೆ ಘಟ್ಟ ಇರುವ ಈ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66, 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆ, ದೇವಿಮನೆ ಮತ್ತು ಗೇರುಸೊಪ್ಪೆ ಘಟ್ಟದ ರಸ್ತೆಗಳೇ ದಾರಿ. ತುಂಬಿದ ಲಾರಿಯನ್ನೇ ರೈಲಿನ ಮೇಲೇರಿಸಿ ಸಾಗಿಸುವ ರೋರೋ ಸೇವೆಯನ್ನು ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿ, ಮುಂದೆ ಸುರತ್ಕಲ್‌ವರೆಗೆ ವಿಸ್ತರಿಸಿತು. ಮಳೆಗಾಲದಲ್ಲಿ ರೈಲುಗಳು ಪ್ರತ್ಯೇಕ ವೇಳಾಪಟ್ಟಿಯಲ್ಲಿ, ಕಡಿಮೆ ವೇಗದಲ್ಲಿ ಓಡುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಹೆದ್ದಾರಿ ಹಲವು ದಿನ ಮುಚ್ಚಿತು. ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಪೂರೈಕೆ ಅವಧಿಗೆ ವರ್ಷವಿಡೀ ಒಂದೇ ಅಂಕಿ ಇಟ್ಟ ಮೂಲ ದತ್ತಾಂಶ ಇಂಥ ಪ್ರದೇಶಕ್ಕೆ ಹೊಂದುವುದಿಲ್ಲ. ಮಳೆಗಾಲಕ್ಕೆ ಬೇರೆ ಅವಧಿ, ಹೆಚ್ಚು ಜಾಗ್ರತೆಯ ಸ್ಟಾಕು, ಮೊದಲೇ ಗೊತ್ತುಮಾಡಿದ ಬದಲಿ ದಾರಿ ಬೇಕಾಗುತ್ತವೆ.

ಇಂದಿನ ಸ್ಥಿತಿ

ದೊಡ್ಡ ಸಂಸ್ಥೆಗಳು ಸ್ವಂತ ಸರ್ವರಿನಿಂದ ಕ್ಲೌಡ್‌ಗೆ ಸಾಗುತ್ತಿವೆ. ಸ್ಯಾಪ್ 2015ರಲ್ಲಿ ಎಸ್/4ಹಾನಾ ಎಂಬ ಹೊಸ ಪೀಳಿಗೆಯನ್ನು ತಂದು, ಹಳೆಯದರ ಸಾಮಾನ್ಯ ನಿರ್ವಹಣೆಗೆ 2027ರ ಕೊನೆಯ ಗಡುವು ಹಾಕಿದ್ದರಿಂದ ಜಗತ್ತಿನಾದ್ಯಂತ ಮತ್ತೊಂದು ಸುತ್ತಿನ ಅಳವಡಿಕೆ ನಡೆಯುತ್ತಿದೆ. ಆ ಕೆಲಸದ ದೊಡ್ಡ ಭಾಗ ಬೆಂಗಳೂರಿನಲ್ಲಿದೆ. 2020ರ ಲಾಕ್‌ಡೌನ್ ಮತ್ತು ಅದರ ಬೆನ್ನಿಗೆ ವಾಹನೋದ್ಯಮವನ್ನು ಕಾಡಿದ ಚಿಪ್ ಕೊರತೆ, ಸ್ಟಾಕು ಇಲ್ಲದಿರುವುದೇ ಲಾಭ ಎಂಬ ನಂಬಿಕೆಯನ್ನು ಸಡಿಲಿಸಿ, ಒಂದಕ್ಕಿಂತ ಹೆಚ್ಚು ಸರಬರಾಜುದಾರರನ್ನು ಇಟ್ಟುಕೊಳ್ಳುವತ್ತ ಕಂಪನಿಗಳನ್ನು ತಳ್ಳಿತು. ಬೇಡಿಕೆಯ ಅಂದಾಜಿಗೆ ಯಂತ್ರ ಕಲಿಕೆಯ ಬಳಕೆ ಹೆಚ್ಚುತ್ತಿದೆ.

ಭಾರತದಲ್ಲಿ ಟೋಲ್ ಪಾವತಿಯ ಫಾಸ್ಟ್ಯಾಗ್ 2021ರ ಫೆಬ್ರುವರಿಯಿಂದ ಕಡ್ಡಾಯವಾಗಿ, ಲಾರಿಯ ಚಲನೆಯೂ ಟೋಲ್ ಗೇಟಿನಲ್ಲಿ ದಾಖಲಾಗುತ್ತಿದೆ. 2022ರ ಸೆಪ್ಟೆಂಬರಿನ ರಾಷ್ಟ್ರೀಯ ಸರಕು ಸಾಗಣೆ ನೀತಿ ವಾಹನ, ರೈಲು, ಬಂದರು, ಸುಂಕ ಇಲಾಖೆಗಳ ದತ್ತಾಂಶವನ್ನು ಒಂದೇ ವೇದಿಕೆಯಲ್ಲಿ ಸಂಸ್ಥೆಗಳಿಗೆ ಒದಗಿಸುವ ಗುರಿ ಹೊಂದಿದೆ. ಮೀನುಗಾರಿಕೆಯಲ್ಲಿ 2024ರ ಸೆಪ್ಟೆಂಬರ್ 11ರಂದು ಆರಂಭವಾದ ರಾಷ್ಟ್ರೀಯ ಮೀನುಗಾರಿಕಾ ಡಿಜಿಟಲ್ ವೇದಿಕೆ ಮೀನುಗಾರರು, ಮಾರಾಟಗಾರರು, ಸಂಸ್ಕರಣೆಯವರು ಎಲ್ಲರಿಗೂ ನೋಂದಣಿ ಕೊಟ್ಟು, ಸಾಲ, ವಿಮೆ, ಜಾಡು ದಾಖಲೆಗಳನ್ನು ಅದಕ್ಕೆ ಜೋಡಿಸುವ ಕೆಲಸ ಹಮ್ಮಿಕೊಂಡಿದೆ. ವ್ಯಕ್ತಿಗಳ ನೋಂದಣಿ ಇದರ ಮೊದಲ ಹಂತ. ಸರಕಿನ ದಾಖಲೆ ಶುರುವಾಗಬೇಕಾದರೆ ತದಡಿ, ಹೊನ್ನಾವರ, ಭಟ್ಕಳದಂಥ ಇಳಿದಾಣಗಳಲ್ಲಿ ಹರಾಜಿಗೆ ಮುಂಚೆ ತೂಗುವ ಯಂತ್ರ, ಬೋಟಿನ ನೋಂದಣಿ ಸಂಖ್ಯೆಯೊಂದಿಗೆ ಜಾತಿವಾರು ತೂಕ ಬರೆಯುವ ವ್ಯವಸ್ಥೆ ಮತ್ತು ಬರೆದದ್ದರ ಪ್ರತಿಯನ್ನು ಹಾಲಿನ ಸಂಘದಲ್ಲಿ ರೈತನಿಗೆ ಕೊಡುವಂತೆ ಮೀನುಗಾರನಿಗೂ ಕೊಡುವ ಕ್ರಮ ಬೇಕು.